ಒಂಬತ್ತನೇ ಪುಟದಲ್ಲಿ ಗೆದ್ದ ಕೇಸು

ಆಗಸ್ಟ್ 22, 1999

ಈ ತುಮಕೂರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಇಬ್ಬರೇ. ಒಬ್ಬರು ಲಾ ಕಾಲೇಜಿನಲ್ಲಿ ಹಾಜರಿ ಕೂಗುವ ಅನಂತರಾಜು ಮೇಷ್ಟ್ರು. ಇನ್ನೊಬ್ಬರು ಶೆಟ್ಟಿಹಳ್ಳಿಯ ಈ ಮನೆಯ ಓನರ್ ಮಹಾಲಕ್ಷ್ಮಮ್ಮ. ಅವರು ಕರೆಯುವುದೂ ನೀರು ನಿಲ್ಲಿಸಲಿಕ್ಕೆ. "ಪ್ರಮೀಳಾ, ಎರಡು ಬಕೆಟ್ ಆಯ್ತಲ್ಲಮ್ಮ, ಸಾಕ್ಮಾಡು." ಅಬ್ಬಬ್ಬಾ, ಏನು ಜಿಪುಣಿ! ಸಂಪಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತಿರುತ್ತಾರೆ.

ಕ್ಲಾಸಿನಲ್ಲಿ ಪಕ್ಕ ಕೂರುವ ತ್ರಿವೇಣಿ ಒಳ್ಳೆಯವಳೇ. ಆದರೆ ಕೊನೆಯ ಪೀರಿಯಡ್ ಮುಗಿಯುವ ಮೊದಲೇ ಅವಳಿಗೆ ಕುಣಿಗಲ್ ಬಸ್ಸಿನ ಚಿಂತೆ. ಅವಳು ಓಡಿದ ಮೇಲೆ ನಾನು ನಿಧಾನಕ್ಕೆ ನಡೆದು ಬರುತ್ತೇನೆ. ಬೇಗ ಬಂದು ಮಾಡುವುದಾದರೂ ಏನು? ರೂಮಿನಲ್ಲಿ ನಾನು, ಸ್ಟೌ, ಡಿಕ್ಷನರಿ. ಕೆಲವು ಸಂಜೆ ಹಾಲು ಕೊಳ್ಳಲು ಬಾಯಿ ತೆರೆದರೆ ದನಿಯೇ ಹೊರಡುವುದಿಲ್ಲ.

ಇವತ್ತಿನ ಭಾನುವಾರ ಒಂದು ತೀರ್ಪು ಓದಿ ಸಾರಾಂಶ ಬರೆಯುವುದಕ್ಕೆ ಹೋಯಿತು. ಗುಬ್ಬಿಯಲ್ಲಿ ಕನ್ನಡ ಮೀಡಿಯಂನಲ್ಲಿ ಬಿ.ಎ. ಮಾಡಿದವಳಿಗೆ ಆ ಇಂಗ್ಲಿಷು ಒಂದೊಂದು ಸಾಲಿಗೂ ಡಿಕ್ಷನರಿ ಕೇಳುತ್ತದೆ. "ಏನಾಯಿತು, ಪ್ರಶ್ನೆ ಏನು, ಕೋರ್ಟು ಏನಂದಿತು, ಯಾಕಂದಿತು. ಹಾಳೆಯ ಒಂದೇ ಮಗ್ಗುಲಲ್ಲಿ ಮುಗಿಸಿ" ಎನ್ನುತ್ತಾರೆ ಮೇಷ್ಟ್ರು. ಹೋದ ವಾರ ನಾನು ನಾಲ್ಕು ಹಾಳೆ ಬರೆದು ಕೊಟ್ಟೆ. ಆ ಕೇಸಿನ ವಿಧವೆ ಎಷ್ಟು ಅತ್ತಿರಬೇಕು, ಅವಳ ಮೈದುನ ಎಂಥ ಕಟುಕನಿರಬೇಕು ಎಂದೆಲ್ಲ. ಕೆಂಪು ಇಂಕಿನಲ್ಲಿ "ಕಥೆ ಚೆನ್ನಾಗಿದೆ. ತೀರ್ಪು ಎಲ್ಲಿ?" ಎಂದು ಬರೆದು ವಾಪಸ್ಸು ಕೊಟ್ಟರು. ಹಿಂದಿನ ಬೆಂಚಿನ ಹುಡುಗರು ಕಿಸಕ್ಕೆಂದರು. ನಗಲಿ, ನಮ್ಮಪ್ಪನ ಗಂಟೇನು ಹೋಗುತ್ತೆ.

ನಾನು ಲಾ ಸೇರಿದ್ದು ಅಪ್ಪನಿಗಾಗಿ. ಕಡಬದ ಹತ್ತಿರದ ನಮ್ಮ ಹಳ್ಳಿಗೂ ನಮ್ಮ ತೆಂಗಿನ ತೋಟಕ್ಕೂ ನಡುವೆ ಅಣ್ಣಯ್ಯಪ್ಪನ ಹೊಲ. ಅದರೊಳಗೇ ನಮ್ಮ ಗಾಡಿ ಓಡಾಡುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅವನು ಬೇಲಿ ಹಾಕಿದ. ಅಲ್ಲಿಂದ ನಮ್ಮ ಗಾಡಿ ಕೆರೆ ಏರಿ ಸುತ್ತಿಕೊಂಡು ಹೋಗುತ್ತಿದೆ. ಅಪ್ಪ ಕೇಸು ಹಾಕಿ ಗುಬ್ಬಿ ಕೋರ್ಟಿನಲ್ಲಿ ಗೆದ್ದರು. ಅವನು ತುಮಕೂರಿಗೆ ಅಪೀಲು ಹೋಗಿ ತಡೆ ತಂದ, ಬೇಲಿ ಹಾಗೇ ಉಳಿಯಿತು. ಆ ಅಪೀಲಿನ ತೀರ್ಪು ಇವತ್ತೋ ನಾಳೆಯೋ ಬರಬೇಕು. ಊರೆಲ್ಲ "ಹುಡುಗಿಗೆ ಮದುವೆ ಮಾಡು ಚನ್ನವೀರಯ್ಯ" ಎನ್ನುತ್ತಿದ್ದಾಗ ಅಪ್ಪ ಒಬ್ಬರೇ, "ವಕೀಲ್ರ ಬಾಯಿ ನೋಡ್ಕಂಡು ಎಷ್ಟು ವರ್ಷ ಕೂರಾದು? ನನ್ ಮಗಳೇ ಓದ್ಲಿ ಬುಡಿ" ಎಂದಿದ್ದು.

ಸೆಪ್ಟೆಂಬರ್ 9

ಗುರುವಾರ. ಅಪ್ಪ ಕಡಬದ ಎಸ್‌ಟಿಡಿ ಬೂತಿನಿಂದ ಮಹಾಲಕ್ಷ್ಮಮ್ಮನವರ ಮನೆಗೆ ಫೋನ್ ಮಾಡುವ ದಿನ. ಕಾಲೇಜಿಂದ ಬಂದಾಗಿನಿಂದ ಕಿವಿ ಅತ್ತಲೇ.

"ಏನವ್ವಾ ಲಾಯರಮ್ಮ, ಉಂಡ್ಯಾ? ಎಷ್ಟು ಕೇಸು ಗೆದ್ದೆ?" ಬೂತಿನ ಹೊರಗೆ ನಿಂತವರಿಗೂ ಕೇಳಲಿ ಎಂದೇ ಅಷ್ಟು ಜೋರು. ಹಸು ಕರು ಹಾಕಿದ್ದು, ತೆಂಗಿಗೆ ನುಸಿ ಬಿದ್ದಿದ್ದು, ಎಡದ ಎತ್ತು ಕುಂಟುತ್ತಿರುವುದು, ಎಲ್ಲ ಹೇಳಿದರು. ವಾರದಲ್ಲಿ ನಾನು ಬಾಯ್ತುಂಬ ಮಾತಾಡುವುದು ಅಷ್ಟೇ ಹೊತ್ತು ಎಂದು ಅಪ್ಪನಿಗೆ ಹೇಳಿಲ್ಲ. ಹೇಳಿದರೆ ನಾಳೆಯೇ ಬಸ್ಸು ಹತ್ತಿ ಬಂದುಬಿಡುತ್ತಾರೆ.

ಸೆಪ್ಟೆಂಬರ್ 26

ಗೆದ್ದೆವು! ಗೆದ್ದೆವು ಕಣೇ ಪ್ರಮೀಳಾ!

ತೀರ್ಪಿನ ದಿನ ನಮ್ಮ ವಕೀಲರು ಊರಲ್ಲಿರಲಿಲ್ಲ, ಅಪ್ಪನೂ ಕೋರ್ಟಿಗೆ ಹೋಗಿರಲಿಲ್ಲ. ಶುಕ್ರವಾರ ವಕೀಲರ ಗುಮಾಸ್ತ ತೀರ್ಪಿನ ನಕಲನ್ನು ಮನೆಗೇ ತಂದಿದ್ದಾನೆ. ಅವನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ತಡೆದರಂತೆ. "ನೀನೇನೂ ಹೇಳ್ಬ್ಯಾಡ ಕಣಪ್ಪ, ನನ್ ಮಗಳು ಬಂದು ಓದ್ತಾಳೆ." ಅವನು ಕಾಫಿಗೂ ನಿಲ್ಲದೆ ಸೈಕಲ್ ಹತ್ತಿ ಹೋದನಂತೆ. ಏನು ಅವಸರವೋ!

ಅಪ್ಪನ ಫೋನು ಬಂದದ್ದೇ ನಿನ್ನೆ ಕ್ಲಾಸ್ ತಪ್ಪಿಸಿ ಊರಿಗೆ ಹೋದೆ. ಜಗಲಿ ತುಂಬ ಜನ. ಮೊದಲ ಎಂಟು ಪುಟ ಓದುವಷ್ಟರಲ್ಲಿ ಬೆನ್ನೆಲ್ಲ ಬೆವರು. ಒಂದೂ ಸರಿಯಾಗಿ ತಲೆಗೆ ಹೋಗುತ್ತಿಲ್ಲ, ಇವರೋ "ಏನ್ ಬರ್ದವ್ರೆ? ಏನ್ ಬರ್ದವ್ರೆ?" ಒಂಬತ್ತನೇ ಪುಟದಲ್ಲಿ ಸಿಕ್ಕಿತು ನೋಡು. ಗಾಡಿ ದಾರಿ ಹಿಂದಿನಿಂದಲೂ ಇದೆ, ಚನ್ನವೀರಯ್ಯನವರಿಗೆ ಅದರಲ್ಲಿ ಹಕ್ಕಿದೆ, ಗುಬ್ಬಿ ಕೋರ್ಟಿನ ತೀರ್ಪು ಸರಿಯಾಗಿದೆ, ಅದರಲ್ಲಿ ಕೈಹಾಕಲು ಕಾರಣವಿಲ್ಲ. ಎಷ್ಟು ಸಲೀಸಾದ ಇಂಗ್ಲಿಷ್! ಎದ್ದು ನಿಂತು ಕನ್ನಡದಲ್ಲಿ ಸಾರಿ ಹೇಳಿದೆ. ಅಪ್ಪ ನಕಲನ್ನು ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು, ದೇವರ ಮುಂದಿಟ್ಟರು. ಉಳಿದ ಪುಟ ಯಾರಿಗೆ ಬೇಕಿತ್ತು?

ಅಮ್ಮ ಒಬ್ಬಟ್ಟು ಮಾಡಿದಳು. ಅಪ್ಪ ಬಂದವರಿಗೆಲ್ಲ ಒಂದೇ ಮಾತು. "ವಕೀಲ್ರಲ್ಲ ಕಣ್ರಯ್ಯ, ನನ್ ಮಗಳು ಓದಿ ಹೇಳಿದ್ದು."

ಸೆಪ್ಟೆಂಬರ್ 30

ಅಪ್ಪನ ಫೋನು. ಬೆಳಿಗ್ಗೆ ಬೇಲಿ ಕಿತ್ತು ಗಾಡಿ ಹೊಡೆದರಂತೆ. ಅಣ್ಣಯ್ಯಪ್ಪನ ಹೊಲದಲ್ಲಿ ರಾಗಿ ಮೊಣಕಾಲುದ್ದ ನಿಂತಿದೆಯಲ್ಲ ಅಂದೆ. "ದಾರಿ ಮೇಲೆ ಬಿತ್ಕಂಡ್ರೆ ಯಾರ್ ಹೊಣೆ? ಕೋರ್ಟೇ ಹೇಳೈತೆ." ಹೌದಲ್ಲ, ಕೋರ್ಟೇ ಹೇಳಿದೆ.

ಶನಿವಾರ ಮೇಷ್ಟ್ರು ತೀರ್ಪು ಓದುವ ಕ್ರಮದ ಬಗ್ಗೆ ಏನೋ ಮುಖ್ಯವಾದದ್ದು ಹೇಳಿದರಂತೆ. ತ್ರಿವೇಣಿ ನೋಟ್ಸ್ ಕೊಡಲು ಬಂದಳು. ಬೇಡ ಅಂದೆ. ಊರಿನ ಮುಂದೆ ತೀರ್ಪು ಓದಿ ಬಂದವಳಿಗೆ ನೋಟ್ಸ್ ಯಾಕೆ?

ಅಕ್ಟೋಬರ್ 3

ಫೋನು ಮಾಡಿದ್ದು ಅಮ್ಮ. ಭಾನುವಾರ ಅಮ್ಮ ಯಾಕೆ ಮಾಡುತ್ತಾಳೆ ಎಂದುಕೊಂಡೇ ಓಡಿದೆ.

ನಾವು ಸೋತಿದ್ದೇವೆ. ಅಪೀಲು ಗೆದ್ದವನು ಅಣ್ಣಯ್ಯಪ್ಪ.

ಅವನು ದೂರು ಕೊಟ್ಟಿದ್ದಾನೆ. ನಿನ್ನೆ ಅಪ್ಪನನ್ನು ಸ್ಟೇಷನ್ನಿಗೆ ಕರೆಸಿದ್ದಾರೆ. ಅಪ್ಪ ನಕಲು ಹಿಡಿದುಕೊಂಡೇ ಹೋಗಿ, "ನನ್ ಮಗಳು ಲಾ ಓದ್ತಾ ಅವ್ಳೆ ಸ್ವಾಮಿ, ಅವ್ಳೇ ಓದಿ ಹೇಳವ್ಳೆ, ನಾವು ಗೆದ್ದೀವಿ" ಅಂದರಂತೆ. ಇನ್ಸ್‌ಪೆಕ್ಟರು ನಕಲು ಇಸಕೊಂಡು ಸೀದಾ ಕೊನೆಯ ಪುಟ ತಿರುಗಿಸಿದರಂತೆ.

"ಸಂಜೆ ತಂಕ ಬೆಂಚಿನ ಮ್ಯಾಲೆ ಕೂತಿದ್ರು ಕಣೇ. ತುಳಿದ ರಾಗಿಗೆ ಏನಾರ ಕಟ್ಟಿಕೊಡ್ತೀವಿ ಅಂತ ಒಪ್ಪಿ ಬುಡಿಸ್ಕಂಡು ಬಂದ್ವು. ಬಂದೋರು ನೀರೂ ಕುಡೀನಿಲ್ಲ."

ಅಪ್ಪನಿಗೆ ಕೊಡಮ್ಮ ಅಂದೆ. ಬೂತಿನ ಹೊರಗೇ ಇದ್ದರು, ನನಗೆ ಗೊತ್ತು. ಅಮ್ಮ ತಿರುಗಿ ಏನೋ ಕೇಳಿದ್ದು ಕೇಳಿಸಿತು. ಆಮೇಲೆ ಅಮ್ಮನೇ, "ಇಟ್ಬುಡು ಮಗಾ, ದುಡ್ಡು ಓಡ್ತೈತೆ" ಎಂದಳು.

ಅಕ್ಟೋಬರ್ 4

ತ್ರಿವೇಣಿಯ ನೋಟ್ಸ್ ಕೇಳಿ ತೆಗೆದುಕೊಂಡೆ. ಮೊದಲ ಸಾಲು: ತೀರ್ಪಿನಲ್ಲಿ ಎರಡೂ ಕಡೆಯ ವಕೀಲರ ವಾದವನ್ನು ಜಡ್ಜ್ ಮೊದಲು ಹಾಗೆಹಾಗೇ ಬರೆದುಕೊಳ್ಳುತ್ತಾರೆ, ಹೊಸಬರು ಅದನ್ನೇ ಕೋರ್ಟಿನ ಅಭಿಪ್ರಾಯ ಎಂದುಕೊಳ್ಳುತ್ತಾರೆ.

ನಾನು ಎದ್ದು ನಿಂತು ಸಾರಿದ್ದು ನಮ್ಮ ವಕೀಲರ ವಾದ.

ಅಕ್ಟೋಬರ್ 7

ಗುರುವಾರ. ಫೋನು ಬರಲಿಲ್ಲ.

ಅಕ್ಟೋಬರ್ 14

ಬಂತು. ಮಹಾಲಕ್ಷ್ಮಮ್ಮನವರ ನಾದಿನಿಯದು.

ಅಕ್ಟೋಬರ್ 20

ಆಯುಧಪೂಜೆಗೆ ಊರಿಗೆ ಹೋಗಿ ಬಂದೆ. ಹೋಗಬಾರದಿತ್ತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಗಾಡಿ ತೊಳೆದರು, ಎತ್ತಿನ ಕೊಂಬಿಗೆ ಬಣ್ಣ ಹಚ್ಚಿದರು, ಎತ್ತಿನ ಹತ್ತಿರ ಮಾತಾಡಿದರು. ನಾನು ಕುಂಕುಮದ ಬಟ್ಟಲು ಹಿಡಿದು ಪಕ್ಕದಲ್ಲೇ ನಿಂತಿದ್ದೆ. "ಅಪ್ಪಾ" ಅಂದೆ. ಬಟ್ಟಲು ಈಸಿಕೊಂಡರು, ಅಷ್ಟೇ.

ಊಟಕ್ಕೆ ಕೂತಾಗ ದೊಡ್ಡಪ್ಪ, "ಹೆಣ್ಮಕ್ಕಳ್ನ ಓದಿಸಿ ಸ್ಟೇಷನ್ ನೋಡ್ದಂಗಾಯ್ತು" ಎಂದರು. ಅಪ್ಪ ನನ್ನ ಪರವಾಗಿಯೂ ಆಡಲಿಲ್ಲ, ವಿರುದ್ಧವಾಗಿಯೂ ಆಡಲಿಲ್ಲ. ತಟ್ಟೆಯಲ್ಲೇ ಕೈತೊಳೆದು ಎದ್ದರು.

ಬರುವಾಗ ಬಸ್ಸಿನಲ್ಲಿ ತೀರ್ಮಾನ ಮಾಡಿದೆ, ಕಾಲೇಜು ಬಿಟ್ಟುಬಿಡೋಣ. ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಹೊಳೆಯಿತು, ಬಿಟ್ಟರೆ ಹೋಗುವುದು ಆ ಮನೆಗೇ.

ನವೆಂಬರ್ 3

ಅನಂತರಾಜು ಮೇಷ್ಟ್ರ ಹತ್ತಿರ ಎಲ್ಲ ಹೇಳಿಬಿಟ್ಟೆ. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಅತ್ತೂಬಿಟ್ಟೆ. ಅವರು ಸಮಾಧಾನ ಏನೂ ಮಾಡಲಿಲ್ಲ, ಕನ್ನಡಕ ಒರೆಸಿಕೊಂಡರು.

"ನಕಲು ಇನ್ನೊಂದ್ಸಲ ಓದಿದ್ಯಾ?"

"ಇಲ್ಲ ಸಾರ್. ಮುಟ್ಟಲಿಕ್ಕೂ ಆಗ್ತಿಲ್ಲ."

"ಹಾಗಾದ್ರೆ ಸೋತಿದ್ದು ನಿಂಗೆ ಬೇರೆಯವರ ಬಾಯಿಂದ ಗೊತ್ತು. ಅದೂ ಓದಿದ ಹಾಗಲ್ಲ. ಒಂದು ಪೆನ್ಸಿಲ್ ತಗೋ. ಪ್ರತಿ ಪ್ಯಾರಾದ ಪಕ್ಕ ಮಾರ್ಜಿನಲ್ಲಿ ಬರಿ, ಇದು ಯಾರ ಬಾಯಿ ಅಂತ. ವಾದಿ ಬಾಯಾ, ಪ್ರತಿವಾದಿ ಬಾಯಾ, ಸಾಕ್ಷಿ ಬಾಯಾ, ಜಡ್ಜ್ ಬಾಯಾ. ಆಮೇಲೆ ನಿನಗಾಗದವನ ವಾದಾನ ಅವನೇ ಭೇಷ್ ಅನ್ನೋ ಹಾಗೆ ಬರಿ. ಅದು ಬಂದ್ರೆ ನಿಂಗೆ ಓದಕ್ಕೆ ಬಂತು."

ಅಣ್ಣಯ್ಯಪ್ಪ ಭೇಷ್ ಅನ್ನಬೇಕಂತೆ! ಅವನ ಮುಖ ನೆನೆದರೇ ಮೈ ಉರಿಯುತ್ತದೆ.

ನವೆಂಬರ್ 14

ಅಮ್ಮನಿಗೆ ಹೇಳಿ ನಕಲಿನ ಜೆರಾಕ್ಸ್ ತರಿಸಿಕೊಂಡೆ. ಪೆನ್ಸಿಲ್ ಹಿಡಿದು ಕೂತೆ. ಎರಡು, ಮೂರನೇ ಪುಟ: ಅಣ್ಣಯ್ಯಪ್ಪನ ವಕೀಲರ ಬಾಯಿ. ನಾಲ್ಕರಿಂದ ಆರು: ಸಾಕ್ಷಿಗಳು. ಏಳು, ಎಂಟು: ಮತ್ತೆ ಅವನ ವಕೀಲರು. ಒಂಬತ್ತು: ನಮ್ಮ ವಕೀಲರು. ಶುರುವಿನಲ್ಲೇ ಬರೆದಿದ್ದಾರೆ, "ಚನ್ನವೀರಯ್ಯನವರ ವಕೀಲರು ವಾದಿಸಿದ್ದೇನೆಂದರೆ" ಎಂದು. ಎಂಟನೇ ಪುಟದ ಕೊನೆಯ ಸಾಲಿನಲ್ಲಿದೆ. ಪುಟ ತಿರುಗಿಸುವ ಗಡಿಬಿಡಿಯಲ್ಲಿ ಅದೊಂದು ಸಾಲು ಕಣ್ಣಿಗೆ ಬೀಳಲಿಲ್ಲ.

ಇವತ್ತಿಗೆ ಸಾಕು.

ನವೆಂಬರ್ 21

ನೀರು ಹಿಡಿಯುವಾಗ ಮಹಾಲಕ್ಷ್ಮಮ್ಮ ಎಂದಿನಂತೆ ಕುರ್ಚಿಯಲ್ಲಿ. ಯಾಕೆ ಎರಡೇ ಬಕೆಟ್ ಅಂತ ಇವತ್ತು ಕೇಳಿಯೇಬಿಟ್ಟೆ. ಜಗಳಕ್ಕಲ್ಲ, ಗೊತ್ತಿರಲಿಲ್ಲ, ಅದಕ್ಕೆ. "ಮೇಲಿನ ಮನೇಲಿ ಬಾಣಂತಿ ಇದಾಳಲ್ಲಮ್ಮ, ಬೋರು ಬತ್ತಿ ನಾಲ್ಕು ತಿಂಗಳಾಯ್ತು. ಟ್ಯಾಂಕರ್ ನೀರು. ಅವಳಿಗೆ ಮೊದ್ಲು ಮಿಗಿಸ್ಬೇಕು" ಅಂದರು. ಅವರ ಸ್ವಂತ ಪಾಲು ಒಂದೇ ಬಕೆಟ್ ಅಂತೆ. ಒಂದು ಲೋಟ ಕಾಫಿ ಕೊಟ್ಟರು. ಸಕ್ಕರೆ ಜಾಸ್ತಿ.

ನವೆಂಬರ್ 28

ಹನ್ನೆರಡನೇ ಪುಟ. ಮಾರ್ಜಿನಲ್ಲಿ "ಜಡ್ಜ್" ಎಂದು ಬರೆದೆ. ನಿಜವಾದ ಕೋರ್ಟಿನ ಮಾತು ಶುರುವಾಗುವುದೇ ಇಲ್ಲಿ.

ತೋಟಕ್ಕೆ ಹೋಗಲು ಬೇರೆ ದಾರಿಯೇ ಇಲ್ಲ ಎಂದಾದರೆ ಮಾತ್ರ ಇನ್ನೊಬ್ಬರ ಹೊಲದಲ್ಲಿ ದಾರಿ ಕೇಳಬಹುದು, ಸುತ್ತಾಗುತ್ತದೆ ಎನ್ನುವುದು ಕಾರಣವಲ್ಲ. ಹಿಂದಿನಿಂದ ಓಡಾಡಿದ ಹಕ್ಕು ಎನ್ನಲು ಇಪ್ಪತ್ತು ವರ್ಷ ಬೇಕು, ನಾವು ತೋಟ ಕೊಂಡು ಅಷ್ಟಾಗಿರಲಿಲ್ಲ. ಬೇರೆ ದಾರಿ ಇದೆ ಎಂದು ಜಡ್ಜ್‌ಗೆ ಹೇಗೆ ಗೊತ್ತಾಯಿತು? ಅಣ್ಣಯ್ಯಪ್ಪ ಹೇಳಿದ್ದನ್ನು ಅವರು ನಂಬಿಲ್ಲ. ಅವನ ಸಾಕ್ಷಿಗಳನ್ನೂ ನಂಬಿಲ್ಲ. ಕೆರೆ ಏರಿಯ ಮೇಲೆ ಗಾಡಿ ಹೋಗುವ ದಾರಿ ಇದೆ ಎಂದು ಹೇಳಿದವರು ಅಪ್ಪನೇ. ಸಾಕ್ಷಿ ಕಟ್ಟೆಯಲ್ಲಿ ನಿಂತು, ಎದುರು ವಕೀಲರು ಒಂದೇ ಸಲ ಕೇಳಿದ್ದಕ್ಕೆ.

ಅಪ್ಪ ನಿಜ ಹೇಳಿ ಸೋತಿದ್ದಾರೆ. ನಿಜ ಹೇಳಿದ್ದಕ್ಕೇ ಸೋತೆ ಎನ್ನುವುದು ಅವರಿಗೆ ಗೊತ್ತೇ ಇಲ್ಲ. ಅಣ್ಣಯ್ಯಪ್ಪ ಜಡ್ಜನ್ನೇ ಕೊಂಡುಕೊಂಡ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರಂತೆ.

ಯಾರಿಗಾದರೂ ಹೇಳಬೇಕು ಅನ್ನಿಸಿತು. ತ್ರಿವೇಣಿ ಕುಣಿಗಲ್ಲಿನಲ್ಲಿದ್ದಾಳೆ. ಗೋಡೆ ನೋಡುತ್ತ ಕೂತಿದ್ದೆ.

ಡಿಸೆಂಬರ್ 12

ಅಮ್ಮ ಫೋನು ಮಾಡಿದ್ದಳು. ಜನವರಿಯೊಳಗೆ ಹೈಕೋರ್ಟಿಗೆ ಹಾಕಬೇಕಂತೆ. ಏರಿಯ ದಾರಿ ಕುಸಿದಿದೆ, ಗಾಡಿ ಹೋಗುವುದಿಲ್ಲ ಎಂದು ಅಫಿಡವಿಟ್ ಬರೆದುಕೊಟ್ಟರೆ ಗೆಲ್ಲುವ ದಾರಿ ಉಂಟು ಎಂದಿದ್ದಾರೆ ವಕೀಲರು. ಅಪ್ಪ ಹ್ಞೂಂ ಎಂದಿಲ್ಲ, ಉಹ್ಞೂಂ ಎಂದೂ ಇಲ್ಲ. ಕಾಗದ ಮನೆಯಲ್ಲೇ ಇದೆ.

"ನೀನೇನಂತೀಯೆ?" ಎಂದಳು ಅಮ್ಮ. ಮಾತಾಡದವರಿಗೆ ನಾನೇನು ಹೇಳಲಿ? ಓದಿ ಹೇಳಿದರೆ ನಂಬುತ್ತಾರಾ, ಅದೂ ನಾನು ಓದಿದ್ದನ್ನು?

ಅಣ್ಣಯ್ಯಪ್ಪನ ವಾದವನ್ನಂತೂ ಹೋದ ವಾರವೇ ಬರೆದು ಮುಗಿಸಿದ್ದೆ. ಅರ್ಧ ಹಾಳೆ. ಅವನಿಗಿರುವುದು ಅದೊಂದೇ ಹೊಲ, ಗಾಡಿ ದಾರಿ ಬಿಟ್ಟರೆ ಅದು ಎರಡು ತುಂಡಾಗುತ್ತದೆ, ಉಳುವಾಗ ಎತ್ತು ತಿರುಗಿಸಲೂ ಜಾಗವಿರುವುದಿಲ್ಲ. ಆರು ವರ್ಷ ಆ ಬೇಲಿ ನೋಡಿದ್ದೇನೆ, ಇದು ಹೊಳೆದಿರಲಿಲ್ಲ. ಮೇಷ್ಟ್ರು ಕೆಂಪು ಇಂಕಿನಲ್ಲಿ ಏನೂ ಬರೆಯದೆ ವಾಪಸ್ಸು ಕೊಟ್ಟರು.

ಡಿಸೆಂಬರ್ 27

ಶನಿವಾರ ಊರಿಗೆ ಹೋದೆ. ಅಪ್ಪ ಜಗಲಿ ಮುಂದೆ ಕಾಯಿ ಸುಲಿಯುತ್ತಿದ್ದರು. ಎದುರಿಗೆ ಕೂತೆ. ಜೆರಾಕ್ಸ್ ಬಿಚ್ಚಿದೆ.

"ಅಪ್ಪಾ, ಪೂರ್ತಿ ಓದಿದೀನಿ. ಕೇಳದಿದ್ರೂ ಪರವಾಗಿಲ್ಲ, ಓದ್ತೀನಿ."

ಕಾಯಿ ಸುಲಿಯುತ್ತಲೇ ಇದ್ದರು. ಕನ್ನಡ ಮಾಡಿಕೊಂಡು ಓದಿದೆ, ಒಂದೊಂದು ಪ್ಯಾರಾಕ್ಕೂ ಇದು ಯಾರ ಮಾತು ಎಂದು ಹೇಳುತ್ತ. ಒಂಬತ್ತನೇ ಪುಟ ಬಂದಾಗ, "ಇದು ನಮ್ಮ ವಕೀಲರ ಮಾತು. ಅವತ್ತು ಕೋರ್ಟಿನ ಮಾತು ಅಂತ ನಾನು ಕೂಗಿದ್ದು ಇದನ್ನೇ" ಅಂದೆ. ಅಲ್ಲಿಗೆ ನಿಲ್ಲಿಸಲಿಲ್ಲ. ಹನ್ನೆರಡನೇ ಪುಟ: "ಏರಿಯ ಮೇಲೆ ಗಾಡಿ ಹೋಗುವ ದಾರಿ ಇದೆ ಎಂದು ಚನ್ನವೀರಯ್ಯನವರೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಅವರ ಮಾತನ್ನು ಅನುಮಾನಿಸಲು ಕಾರಣವಿಲ್ಲ."

ಅಪ್ಪನ ಕೈ ನಿಂತಿತು.

"ಹಂಗಂತ ಬರ್ದವ್ರಾ? ಮುಚ್ಚುಮರೆ ಇಲ್ದಂಗೆ ಅಂತ?"

"ಹ್ಞೂಂ ಅಪ್ಪ. ಜಡ್ಜೇ ಬರೆದಿರೋದು."

"ಇನ್ನೊಂದ್ಸಲ ಓದು."

ಓದಿದೆ. ಕೊನೆಯ ಪುಟದವರೆಗೂ ಓದಿದೆ. ಅಪ್ಪ ಸುಲಿದ ಕಾಯಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿದರು.

"ದಾರಿ ಇಲ್ಲ ಅಂದಿದ್ರೆ ಗೆಲ್ತಿದ್ನಾ?"

ಗೊತ್ತಿಲ್ಲ ಅನ್ನಬಹುದಿತ್ತು. ಕಾಗದ ಒಳಗೇ ಇತ್ತು, ಒಂದು ಸಹಿ ಅಷ್ಟೇ. ಇವರು ಸಹಿ ಹಾಕಿಬಿಟ್ಟರೆ ಎಂದು ಹೆದರಿಕೆಯಾಯಿತು. ಆದರೆ ಅಪ್ಪನಿಗೆ ತಪ್ಪು ಓದಿ ಹೇಳುವುದು ಇನ್ನು ನನ್ನಿಂದಾಗದು.

"ಗೆಲ್ತಿದ್ದೆ ಅನ್ಸುತ್ತೆ ಅಪ್ಪ."

"ವಕೀಲ್ರು ಈಗ ಬರ್ಕೊಡು ಅಂತಿರಾದೂ ಅದನ್ನೇಯಾ?"

"ಅದನ್ನೇ."

ಕಾಯಿಯನ್ನು ಕೆಳಗಿಟ್ಟರು. "ದಿನಾ ಅದ್ರ ಮ್ಯಾಲೇ ಗಾಡಿ ಹೊಡ್ಕಂಡು, ದಾರಿ ಇಲ್ಲ ಅಂತ ಹೆಂಗ್ ಬರ್ಕೊಡಾದವ್ವಾ? ಹೈಕೋರ್ಟು ಬ್ಯಾಡ ಬುಡು." ಆಮೇಲೆ, "ಅಣ್ಣಯ್ಯಪ್ಪಂಗೂ ಇಂಗ್ಲಿಷ್ ಬರಾಕಿಲ್ಲ. ಗೆದ್ದೆ ಅಂತ ಗೊತ್ತು, ಯಾಕ್ ಗೆದ್ದೆ ಅಂತ ಅವನಿಗೂ ಗೊತ್ತಿರಾಕಿಲ್ಲ. ಹೋಗಿ ಓದಿ ಹೇಳ್ಬುಟ್ಟು ಬಾ" ಎಂದರು.

ನಿನ್ನೆ ಹೋದೆ. ಅವರು ಕಣದಲ್ಲಿ ರಾಗಿ ತೂರುತ್ತಿದ್ದರು. ಕೂರು ಅನ್ನಲಿಲ್ಲ. ನಿಂತುಕೊಂಡೇ ಓದಿದೆ. ಹನ್ನೆರಡನೇ ಪುಟಕ್ಕೆ ಮೊರ ಕೆಳಗಿಟ್ಟರು.

"ನಿಮ್ಮಪ್ಪನೇ ಹಂಗಂದ್ನಾ? ನಮ್ ಲಾಯ್ರು ಗಟ್ಟಿಗ, ಅವ್ರೇ ಗೆಲ್ಸಿದ್ದು ಅಂತ ನಾನು ಊರಿಗೆಲ್ಲ ಹೇಳ್ಕಂಡ್ ಬಂದಿವ್ನಿ."

"ರಾಗಿ ತುಳಿಸಿದ್ದು ನನ್ನ ಓದು ಮಾವ. ಅಪ್ಪನ ತಪ್ಪಲ್ಲ" ಅಂದೆ.

ಅವರು ಹೊಲದ ಕಡೆ ನೋಡಿದರು. ಬರೀ ಕೂಳೆ ನಿಂತಿತ್ತು. "ಕುಯ್ದಾಯ್ತಲ್ಲ ಕಣವ್ವ. ಮುಂಗಾರು ಬಿತ್ತನೆ ತಂಕ ಹೊಲ ಖಾಲಿನೇ ಬಿದ್ದಿರ್ತದೆ. ಬೇಲಿ ಒಂದ್ ಕಡೆ ಬಿಚ್ಚಿ ಗಾಡಿ ಹೊಡ್ಕಂಡ್ರೆ ಯಾರೇನ್ ಕೇಳ್ತಾರೆ ಅಂತ ನಿಮ್ಮಪ್ಪಂಗೆ ಹೇಳು."

ಅವರು ಹೇಳಿದ್ದನ್ನು ಹೇಳಿದ ಹಾಗೇ ಅಪ್ಪನಿಗೆ ಹೇಳಿದೆ. ಒಂದಕ್ಷರ ಸೇರಿಸಲಿಲ್ಲ. ಅಪ್ಪ ಎಲೆಯಡಿಕೆ ಹಾಕಿಕೊಂಡರು.

ಇವತ್ತು ಬೆಳಿಗ್ಗೆ ತೋಟಕ್ಕೆ ಹೋಗಿ ಕಾಯಿ ಹೇರಿಕೊಂಡು ಹಾಗೇ ಕಡಬದಲ್ಲಿ ನನ್ನನ್ನು ಬಸ್ಸಿಗೆ ಬಿಡುವುದೆಂದಾಯಿತು. ಗಾಡಿ ಅಣ್ಣಯ್ಯಪ್ಪನ ಹೊಲದ ಹತ್ತಿರ ಬಂತು. ಬೇಲಿ ಒಂದು ಕಡೆ ಬಿಚ್ಚಿತ್ತು. ಅಪ್ಪ ಎತ್ತನ್ನು ಏರಿ ಕಡೆಗೇ ತಿರುಗಿಸಿದರು.

"ಯಾಕಪ್ಪಾ? ಬಿಚ್ಚಿದಾರಲ್ಲ, ಅದರಲ್ಲೇ ಹೋಗಬಹುದಲ್ಲ?"

"ನಾಳಿಂದ ಹೋಗಾನ. ಇವತ್ತು ನೀನಿದೀಯ. ಸುತ್ತಾಕ್ಕಂಡೇ ಹೋಗಾನ ಬುಡು."

ಏರಿಯುದ್ದಕ್ಕೂ ಅಪ್ಪ ಮಾತಾಡಿದರು. ಕರುವಿಗೆ ಹೆಸರಿಟ್ಟಿದ್ದು, ಎತ್ತಿನ ಕಾಲು ವಾಸಿಯಾಗಿದ್ದು, ದೊಡ್ಡಪ್ಪನ ಹತ್ತಿರ ಜಗಳ ಕಾದಿದ್ದು, ಸ್ಟೇಷನ್ನಿನ ಬೆಂಚು ಹೇಗೆ ಚುಚ್ಚುತ್ತಿತ್ತು ಎನ್ನುವುದೂ. ಕಡಬದಲ್ಲಿ ತುಮಕೂರು ಬಸ್ಸು ಬಂದು ನಿಂತಾಗ ಇನ್ನೂ ಹೇಳುತ್ತಲೇ ಇದ್ದರು. ಕಂಡಕ್ಟರ್ ಎರಡು ಸಲ ಕೂಗಿದ. ನಾನು ಆ ಬಸ್ಸು ಬಿಟ್ಟೆ.